ಗಡ್ಡಾ ಜಾತ್ರೆಯ ಗದ್ದಲದಲ್ಲಿ ಒಂದು ಒಳ್ಳೆಯ ಫೋಟೋ

ಸೊಲ್ಲಾಪುರ: ಸಂಕ್ರಾಂತಿಯ ಗಡ್ಡಾ ಜಾತ್ರೆ ಮುಗಿಯಿತೆಂದರೆ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಮೊಬೈಲುಗಳು ಫೋಟೋಗಳಿಂದ ತುಂಬಿ ತುಳುಕುತ್ತಿರುತ್ತವೆ. ಒಬ್ಬೊಬ್ಬರ ಹತ್ತಿರ ಇನ್ನೂರು ಮುನ್ನೂರು. ಕಟ್ಟೆಯ ಮೇಲೆ ಕುಳಿತು "ನಮ್ಮ ದೊಡ್ಡಪ್ಪ ನಂದಿಕೋಲು ಹಿಡದಾನ ನೋಡ್ರಿ" ಎಂದು ತೋರಿಸಲು ಹೊರಟರೆ ದೊಡ್ಡಪ್ಪನೇ ಸಿಗುವುದಿಲ್ಲ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಬೇಕು, ಐಸ್‌ಕ್ರೀಮ್ ಗಾಡಿ, ಪುಢಾರಿಗಳ ಫ್ಲೆಕ್ಸು, ಪೊಲೀಸರ ಬಿದಿರಿನ ಬೇಲಿ, ಮೇಲೆತ್ತಿದ ಹತ್ತಾರು ಕೈ ಮತ್ತು ಕೈಗೊಂದು ಮೊಬೈಲು, ಇವೆಲ್ಲವನ್ನೂ ದಾಟಬೇಕು. ಆಮೇಲೆ ಎಲ್ಲೋ ಮೂಲೆಯಲ್ಲಿ ಬಾರಾಬಂದಿ ತೊಟ್ಟ ಒಂದು ಬಿಳಿ ಚುಕ್ಕೆ. ಅದೇ ದೊಡ್ಡಪ್ಪ.

ನಗುವ ಮಾತಾದರೂ ಇದರಲ್ಲಿ ನಷ್ಟವಿದೆ. ಮುಂದಿನ ವರ್ಷ ಆ ಕೋಲು ಇನ್ನೊಬ್ಬರ ಕೈಗೆ ಹೋಗಬಹುದು. ಈ ಸಲದ ಮುಖ, ಈ ಸಲದ ಬಿಗಿದ ಕೈ ಮತ್ತೆ ಸಿಗುವುದಿಲ್ಲ. ಸಂತೆಯಲ್ಲಿ ಕೂಡುವ ಬಳೆಗಾರರು, ಗಡಿಗೆ ಮಾರುವವರು, ಎರಡು ಲಿಪಿಯಲ್ಲಿ ಬರೆದ ಹಳೆಯ ಅಂಗಡಿ ಬೋರ್ಡುಗಳು, ಇವೂ ಹಾಗೆಯೇ. ಫೋಟೋಕ್ಕೇನೂ ಕೊರತೆಯಿಲ್ಲ. ನೂರಾರು ಫೋಟೋಗಳ ನಡುವೆ ನೋಡಬೇಕಾದ್ದು ನೆಟ್ಟಗೆ ಕಾಣುವ ಫೋಟೋ ಮಾತ್ರ ಕೊರತೆ.

ಬೀದಿಯಲ್ಲಿ, ಜಾತ್ರೆಯಲ್ಲಿ, ಬಸ್‌ ಸ್ಟ್ಯಾಂಡಿನಲ್ಲಿ ಜನಜೀವನವನ್ನು ಇದ್ದ ಹಾಗೆಯೇ ಹಿಡಿಯುವುದಕ್ಕೆ 'ಸ್ಟ್ರೀಟ್ ಫೋಟೋಗ್ರಫಿ' ಎಂಬ ಹೆಸರಿದೆ. ಹೆಸರು ದೊಡ್ಡದಾದರೂ ಅದಕ್ಕೆ ದೊಡ್ಡ ಕ್ಯಾಮೆರಾವೇ ಬೇಕೆಂದಿಲ್ಲ. ಚೌಕಟ್ಟಿನೊಳಗೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಹೊರಗೆ ಬಿಡಬೇಕು ಎಂಬ ತಿಳಿವಳಿಕೆ ಬೇಕು. ಅದಕ್ಕೆ ಫೋಟೋಗ್ರಾಫರುಗಳು ಕಂಪೋಸಿಷನ್ ಎನ್ನುತ್ತಾರೆ.

ಮೊಬೈಲು ಎಲ್ಲವನ್ನೂ ನುಂಗುತ್ತದೆ

ಫೋಟೋದಲ್ಲಿ ಇಷ್ಟು ಗದ್ದಲ ಯಾಕೆ ತುಂಬುತ್ತದೆ? ತಪ್ಪು ಪೂರ್ತಿ ತೆಗೆಯುವವರದಲ್ಲ. ಇಂದಿನ ಮೊಬೈಲುಗಳ ಮುಖ್ಯ ಕ್ಯಾಮೆರಾದ ಲೆನ್ಸು ಬಹಳ ಅಗಲವಾಗಿ ನೋಡುವಂಥದು. ಹಳೆಯ ರೀಲ್ ಕ್ಯಾಮೆರಾದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 24ರಿಂದ 26 ಮಿ.ಮೀ. ಫ್ರಾನ್ಸಿನ ಪ್ರಸಿದ್ಧ ಫೋಟೋಗ್ರಾಫರ್ ಆನ್ರಿ ಕಾರ್ತಿಯೆ ಬ್ರೆಸೋ (1908-2004) ತಮ್ಮ ಲೈಕಾ ಕ್ಯಾಮೆರಾದಲ್ಲಿ ಹೆಚ್ಚಾಗಿ ಬಳಸಿದ್ದು 50 ಮಿ.ಮೀ. ಲೆನ್ಸು. ನಿಂತ ಜಾಗ ಒಂದೇ ಆದರೂ ಅವರ ಚೌಕಟ್ಟಿಗೆ ಬೀಳುತ್ತಿದ್ದುದರ ಎರಡರಷ್ಟು ಅಗಲ ಇಂದಿನ ಮೊಬೈಲಿಗೆ ಬೀಳುತ್ತದೆ. ಕಣ್ಣು ದೊಡ್ಡಪ್ಪನೊಬ್ಬನನ್ನೇ ನೋಡುತ್ತಿರುತ್ತದೆ, ಮೊಬೈಲು ಇಡೀ ಓಣಿಯನ್ನು ನೋಡುತ್ತಿರುತ್ತದೆ. ಮನೆಗೆ ಬಂದು ನೋಡಿದಾಗ ಬೇಸರವಾಗುವುದು ಇದರಿಂದಲೇ.

ಬೆರಳಿನಿಂದ ಜೂಮ್ ಮಾಡಿದರೆ ಆಗದೇ? ದೂರದ್ದನ್ನು ಹಿಡಿಯಲೆಂದೇ ಬೇರೆ ಲೆನ್ಸು ಇಲ್ಲದ ಮೊಬೈಲಿನಲ್ಲಿ ಜೂಮ್ ಎಂದರೆ ಇದ್ದ ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡುವುದು, ಅಷ್ಟೇ. ಚಿತ್ರ ಒಡೆದು ಹಿಟ್ಟು ಹಿಟ್ಟಾಗುತ್ತದೆ. ಕಾಲೇ ನಿಜವಾದ ಜೂಮ್. ಎರಡು ಹೆಜ್ಜೆ ಮುಂದೆ ಹೋಗಿ ತೆಗೆದು ನೋಡಿ, ಆಮೇಲೆ ಇನ್ನೆರಡು ಹೆಜ್ಜೆ. ಹೆಚ್ಚಿನವರು ನಿಲ್ಲುವುದು ಮೊದಲ ಎರಡು ಹೆಜ್ಜೆಗೂ ಮುಂಚೆಯೇ. ಸಂಕೋಚ ಇರುತ್ತದೆ, ಸಹಜ. ಆ ಸಂಕೋಚ ಬಿಡಿಸುವ ದಾರಿ ಮುಂದೆ ಬರುತ್ತದೆ.

ಗುಂಡಿ ಒತ್ತುವ ಮೊದಲು ಮನಸ್ಸಿನಲ್ಲೇ ಒಂದು ಚಿಕ್ಕ ವಾಕ್ಯ ಹೇಳಿಕೊಳ್ಳುವುದು ಒಳ್ಳೆಯ ರೂಢಿ. ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ, ಯಾವುದರಲ್ಲಿ ವಿಚಾರ ಮಾಡುವ ಅಭ್ಯಾಸವಿದೆಯೋ ಅದರಲ್ಲಿ. "ಮುದುಕಿ ಬಳೆ ಆರಿಸಾಕ ಹತ್ಯಾಳ." ಈ ವಾಕ್ಯದಲ್ಲಿ ಮುದುಕಿ ಇದ್ದಾಳೆ, ಬಳೆ ಇದೆ, ಆರಿಸುವ ಕೈ ಇದೆ. ಹಾಗಾದರೆ ಚೌಕಟ್ಟಿನಲ್ಲಿ ಬೇಕಾದದ್ದೂ ಅಷ್ಟೇ. ಪಕ್ಕದ ಮೋಟರ್ ಸೈಕಲ್ಲು ವಾಕ್ಯದಲ್ಲಿ ಬಂದಿಲ್ಲ, ಚಿತ್ರದಲ್ಲೂ ಬೇಡ. ವಾಕ್ಯವೇ ಹುಟ್ಟದಿದ್ದರೆ ಆ ಫೋಟೋ ತೆಗೆಯದೆ ಬಿಟ್ಟರೂ ಏನೂ ಹೋಗುವುದಿಲ್ಲ.

ಮೊದಲು ಹಿನ್ನೆಲೆ, ಆಮೇಲೆ ಮನುಷ್ಯ

ಹೊಸಬರು ಮನುಷ್ಯನನ್ನು ನೋಡುತ್ತಾರೆ. ಪಳಗಿದವರು ಮೊದಲು ಅವನ ಬೆನ್ನ ಹಿಂದೆ ಏನಿದೆ ಎಂದು ನೋಡುತ್ತಾರೆ. ಈ ಒಂದು ಬದಲಾವಣೆಯಿಂದಲೇ ಅರ್ಧ ಕೆಲಸ ಮುಗಿಯುತ್ತದೆ. ಲೈಟಿನ ಕಂಬ ತಲೆಯ ಮೇಲೆ ಕೊಂಬಿನಂತೆ ಮೊಳೆತ ಫೋಟೋಗಳು ಎಲ್ಲರ ಮೊಬೈಲಿನಲ್ಲೂ ಇವೆ. ಎರಡು ಹೆಜ್ಜೆ ಎಡಕ್ಕೆ ಸರಿದಿದ್ದರೆ ಕಂಬ ತಲೆಯಿಂದ ಬೇರೆಯಾಗುತ್ತಿತ್ತು.

ಗಡ್ಡಾ ಜಾತ್ರೆಯನ್ನೇ ತೆಗೆದುಕೊಳ್ಳಿ. 12ನೇ ಶತಮಾನದ ಶಿವಯೋಗಿ ಸಿದ್ಧರಾಮರ ಜಾತ್ರೆ ಇದು. ಕುಂಬಾರರ ಕನ್ಯೆಯೊಬ್ಬಳು ಸಿದ್ಧರಾಮರನ್ನೇ ವರಿಸುತ್ತೇನೆಂದು ಹಟ ಹಿಡಿದಾಗ ಅವರು ತಮ್ಮ ಯೋಗದಂಡದೊಂದಿಗೆ ಆಕೆಯ ಮದುವೆ ಮಾಡಿಸಿದರೆಂಬ ಕಥೆ ಎಲ್ಲರಿಗೂ ಗೊತ್ತು. ಆ ಯೋಗದಂಡದ ಗುರುತಾಗಿಯೇ ಏಳು ನಂದಿಧ್ವಜಗಳು ಮೆರವಣಿಗೆಯಲ್ಲಿ ಹೊರಡುತ್ತವೆ. ಮರಾಠಿ ಪತ್ರಿಕೆಗಳು ಇಂದಿಗೂ 'ಯಣ್ಣೀಮಜ್ಜನ' ಎಂದೇ ಬರೆಯುವ ಎಣ್ಣೆಮಜ್ಜನ, ಸಮ್ಮತಿ ಕಟ್ಟೆಯ ಅಕ್ಷತೆ, ಹೋಮ, ಮದ್ದು ಸುಡುವುದು, ಕೊನೆಗೆ ಕಪ್ಪಡಕಳ್ಳಿ, ಹೀಗೆ ದಿನದಿನಕ್ಕೂ ಕಾರ್ಯಕ್ರಮ. ಮರಾಠಿ ಮಾತಿನ ನಡುವೆ ಈ ಕನ್ನಡ ಪದಗಳು ಉಳಿದುಕೊಂಡು ಬಂದಿವೆ. ಅವುಗಳ ಚಿತ್ರವೂ ಅಷ್ಟೇ ಸ್ಪಷ್ಟವಾಗಿ ಉಳಿಯಬೇಕಲ್ಲವೇ.

ನಂದಿಧ್ವಜ ಬಹಳ ಎತ್ತರದ್ದು. ಮೊಬೈಲನ್ನು ಅಡ್ಡ ಹಿಡಿದರೆ ಕೋಲು ಅರ್ಧ ಕತ್ತರಿಸಿ ಹೋಗುತ್ತದೆ, ಇಲ್ಲವೇ ಪೂರ್ತಿ ಬರಲೆಂದು ಹಿಂದೆ ಸರಿದು ಎರಡೂ ಕಡೆಯ ಜನಜಂಗುಳಿಯನ್ನು ತುಂಬಿಸಿಕೊಳ್ಳಬೇಕಾಗುತ್ತದೆ. ಮೊಬೈಲನ್ನು ನೆಟ್ಟಗೆ ಹಿಡಿಯುವುದು ಸರಿ. ಅದಕ್ಕಿಂತ ಮುಖ್ಯವಾದದ್ದು ಮಂಡಿಯೂರಿ ಕುಳಿತುಕೊಳ್ಳುವುದು. ನಿಂತು ತೆಗೆದರೆ ಕೋಲು ಹಿಡಿದವರ ಹಿಂದೆ ಜನ, ಅಂಗಡಿ, ವೈರು, ಫ್ಲೆಕ್ಸು. ಕುಳಿತು ಮೇಲ್ಮುಖವಾಗಿ ತೆಗೆದರೆ ಹಿಂದೆ ಬರೀ ಆಕಾಶ. ಬಿಳಿಯ ಬಾರಾಬಂದಿ, ನೀಲಿ ಆಕಾಶ, ನಡುವೆ ನೆಟ್ಟಗೆ ಏರಿದ ಕೋಲು. ಜಾತ್ರೆಯಲ್ಲಿ ಲಕ್ಷ ಜನರಿದ್ದರೂ ಚಿತ್ರದಲ್ಲಿ ಇರುವುದು ಮೂರೇ ಸಂಗತಿ. ಜನಸಂದಣಿಯಲ್ಲಿ ಕಾಲ್ತುಳಿತದ ಭಯವಿರುವುದರಿಂದ ನಡುದಾರಿಯಲ್ಲಿ ಕೂಡ್ರುವ ಸಾಹಸ ಬೇಡ. ದಾರಿಯ ಅಂಚಿನ ಅಂಗಡಿ ಮೆಟ್ಟಿಲು, ಕಟ್ಟೆ ಸಾಕು.

ಆಕಾಶ ಸಿಗದ ಕಡೆ ಗೋಡೆ ಇರುತ್ತದೆ. ಸೊಲ್ಲಾಪುರದ ಭೂಯಿಕೋಟ ಕಿಲ್ಲೆಯ ಕಲ್ಲುಗೋಡೆ, ಹಳ್ಳಿಯ ಮಣ್ಣಿನ ಮಾಳಿಗೆ ಮನೆಯ ಗೋಡೆ, ಸಾಲಿ ಗೋಡೆ, ಯಾವುದಾದರೂ ಆದೀತು. ಒಂದೇ ಬಣ್ಣದ ಹಿನ್ನೆಲೆಯ ಮುಂದೆ ಹಾದುಹೋಗುವ ಸಾಮಾನ್ಯ ಮನುಷ್ಯನೂ ಎದ್ದು ಕಾಣುತ್ತಾನೆ.

ಗುಂಡಿ ಒತ್ತುವ ಮುಂಚೆ ಕಣ್ಣನ್ನು ಒಮ್ಮೆ ಚೌಕಟ್ಟಿನ ನಾಲ್ಕೂ ಅಂಚಿನ ಮೇಲೆ ಸುತ್ತಾಡಿಸಬೇಕು, ಹೊಲದ ಬದುವಿನ ಮೇಲೆ ಅಡ್ಡಾಡಿ ಬಂದ ಹಾಗೆ. ಅಂಚಿನಲ್ಲಿ ಅರ್ಧ ಮುಖ, ಯಾರದೋ ಮೊಣಕೈ, ಪ್ಲಾಸ್ಟಿಕ್ ಚೀಲದ ತುದಿ ಇವೆಯೇ? ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಜಾಗ ಹಿಡಿದು ಕಾಯುವುದು

ಕಾರ್ತಿಯೆ ಬ್ರೆಸೋ 1932ರಲ್ಲಿ ದಕ್ಷಿಣ ಫ್ರಾನ್ಸಿನ ಇಯೇರ್ ಎಂಬ ಊರಿನಲ್ಲಿ ತೆಗೆದ ಒಂದು ಫೋಟೋ ಇದೆ. ಮೇಲಿನಿಂದ ನೋಡಿದ ದೃಶ್ಯ. ಮುಂದೆ ಸುರುಳಿ ಸುತ್ತಿಕೊಂಡು ಇಳಿಯುವ ಮೆಟ್ಟಿಲು, ಅದರ ಕಬ್ಬಿಣದ ಕೈಪಿಡಿ, ಕೆಳಗೆ ತಿರುವಿನ ಬೀದಿ. ಆ ಬೀದಿಯಲ್ಲಿ ಒಬ್ಬ ಸೈಕಲ್ ಸವಾರ ಸರ್ರನೆ ಹಾದುಹೋಗುತ್ತಿದ್ದಾನೆ, ವೇಗಕ್ಕೆ ಅವನ ಆಕಾರ ಮಸುಕಾಗಿದೆ. ಮೆಟ್ಟಿಲಿನ ಸುರುಳಿ, ಬೀದಿಯ ತಿರುವು, ಸೈಕಲ್ಲಿನ ಓಟ ಎಲ್ಲವೂ ಒಂದೇ ಧಾಟಿಯಲ್ಲಿವೆ. ಮೆಟ್ಟಿಲು ಮೊದಲಿನಿಂದಲೂ ಅಲ್ಲೇ ಇತ್ತು, ಬೀದಿಯೂ ಇತ್ತು. ಸೈಕಲ್ಲು ಮಾತ್ರ ಬರಬೇಕಿತ್ತು.

ಬಯಲಾಟದ ಹಾಗೆ ಎಂದರೆ ಇಲ್ಲಿನವರಿಗೆ ಬೇಗ ತಿಳಿದೀತು. ಮೊದಲು ರಂಗಸ್ಥಳ ಸಿದ್ಧವಾಗುತ್ತದೆ, ಆಮೇಲೆ ಪಾತ್ರಧಾರಿ ಬರುತ್ತಾನೆ. ಹೆಚ್ಚಿನವರು ಪಾತ್ರಧಾರಿಯ ಬೆನ್ನು ಹತ್ತಿ ಓಡುತ್ತಾರೆ, ಅವನು ಎಲ್ಲಿ ನಿಂತರೆ ಅಲ್ಲೇ ತೆಗೆಯುತ್ತಾರೆ. ಬದಲಿಗೆ ಒಳ್ಳೆಯ ಜಾಗವೊಂದನ್ನು ಹುಡುಕಿ, ಚೌಕಟ್ಟು ಕಟ್ಟಿಕೊಂಡು, ಹತ್ತು ಇಪ್ಪತ್ತು ನಿಮಿಷ ಸುಮ್ಮನೆ ನಿಂತರೆ ಪಾತ್ರಧಾರಿಗಳು ತಾವಾಗಿಯೇ ಬರುತ್ತಾರೆ.

ಗಡಿಭಾಗದ ಬಸ್‌ ಸ್ಟ್ಯಾಂಡುಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಮಹಾರಾಷ್ಟ್ರದ ಕೆಂಪು ಎಸ್.ಟಿ. ಬಸ್ಸು, ಪಕ್ಕದಲ್ಲೇ ಕಲಬುರಗಿಗೋ ವಿಜಯಪುರಕ್ಕೋ ಹೊರಟ ಕರ್ನಾಟಕದ ಬಸ್ಸು. ಒಂದರ ಹಣೆಯ ಮೇಲೆ ದೇವನಾಗರಿ, ಇನ್ನೊಂದರ ಮೇಲೆ ಕನ್ನಡ. ಎರಡು ಬೋರ್ಡುಗಳೂ ಚೌಕಟ್ಟಿನ ಎರಡು ಬದಿಗೆ ಬರುವ ಹಾಗೆ ನಿಂತುಕೊಂಡು ನಡುವೆ ಖಾಲಿ ಜಾಗ ಬಿಟ್ಟು ಕಾಯಬೇಕು. ತಲೆಯ ಮೇಲೆ ಗಂಟು ಹೊತ್ತ ಅವ್ವ ಬರುತ್ತಾಳೆ, ಎರಡೂ ಬೋರ್ಡಿನತ್ತ ಒಮ್ಮೆ ನೋಡಿ ಯಾವ ಬಸ್ಸೆಂದು ವಿಚಾರ ಮಾಡುತ್ತ ನಿಲ್ಲುತ್ತಾಳೆ. ಆ ಒಂದು ಗಳಿಗೆಯಲ್ಲಿ ಗಡಿಯ ಬದುಕಿನ ಎಷ್ಟೋ ಮಾತು ಬಂದುಬಿಡುತ್ತದೆ. ನೂರು ಸಾಲಿನ ವರದಿಗೂ ಅದು ಕಷ್ಟ.

ಅದೇ ವರ್ಷ, ಅಂದರೆ 1932ರಲ್ಲೇ, ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲ್ವೆ ನಿಲ್ದಾಣದ ಹಿಂದೆ ನೀರಿನ ಹೊಂಡವನ್ನು ಜಿಗಿದು ದಾಟುತ್ತಿರುವ ಮನುಷ್ಯನ ಚಿತ್ರವನ್ನೂ ಕಾರ್ತಿಯೆ ಬ್ರೆಸೋ ತೆಗೆದರು. ಹಿಮ್ಮಡಿ ಇನ್ನೂ ನೀರಿಗೆ ತಾಗಿಲ್ಲ, ಕೆಳಗೆ ಅವನದೇ ನೆರಳು, ಹಿಂದಿನ ಗೋಡೆಯ ಪೋಸ್ಟರಿನಲ್ಲೂ ಒಬ್ಬ ನರ್ತಕಿ ಜಿಗಿಯುತ್ತಿದ್ದಾಳೆ. ಹಲಗೆ ಬೇಲಿಯ ಸಂದಿಯಿಂದ ತೆಗೆದ ಚಿತ್ರವದು. ಹಲಗೆ ಅಡ್ಡ ಬಂದದ್ದರಿಂದ ಅಂಚನ್ನು ಕತ್ತರಿಸಬೇಕಾಯಿತು. ಸಾಮಾನ್ಯವಾಗಿ ತಮ್ಮ ಚಿತ್ರ ಕತ್ತರಿಸಲು ಒಪ್ಪದಿದ್ದ ಅವರೇ ಇಲ್ಲಿ ಒಪ್ಪಿಕೊಂಡರು. ಮಳೆಗಾಲದಲ್ಲಿ ನೀರು ನಿಂತ ಹೊಂಡಗಳಿಗೆ ಈ ಭಾಗದ ರಸ್ತೆಗಳಲ್ಲಿ ಬರಗಾಲವೇನಿಲ್ಲ. ಬೈಯುವುದರ ಜೊತೆಗೆ ಒಂದು ಫೋಟೋ ತೆಗೆದರೆ ಅದೂ ಒಂದು ಅರ್ಜಿಯಾದೀತು.

ಚೌಕಟ್ಟಿನೊಳಗೆ ಇನ್ನೊಂದು ಚೌಕಟ್ಟು

ಗದ್ದಲವನ್ನು ಕಡಿಮೆ ಮಾಡುವ ಇನ್ನೊಂದು ಉಪಾಯ ಬಾಗಿಲು, ಕಿಟಕಿ, ಕಮಾನುಗಳ ಮೂಲಕ ನೋಡುವುದು. ಭಾರತದ ಬಣ್ಣದ ಫೋಟೋಗ್ರಫಿಯಲ್ಲಿ ದೊಡ್ಡ ಹೆಸರಾದ ರಘುಬೀರ್ ಸಿಂಗ್ (1942-1999) ಅಂಬಾಸಿಡರ್ ಕಾರಿನ ಕಿಟಕಿ, ಬಾಗಿಲು, ಮುಂಗಾಜು, ಕನ್ನಡಿಗಳನ್ನೇ ಚೌಕಟ್ಟು ಮಾಡಿಕೊಂಡು ದೇಶವನ್ನು ತೋರಿಸಿದರು. ಆ ಚಿತ್ರಗಳ ಪುಸ್ತಕ 'ಎ ವೇ ಇನ್‌ಟು ಇಂಡಿಯಾ' ಅವರು ತೀರಿಹೋದ ಮೇಲೆ 2002ರಲ್ಲಿ ಹೊರಬಂತು. ಕಾರಿನ ಕಪ್ಪು ಅಂಚು ಬೀದಿಯ ಗದ್ದಲವನ್ನು ತುಂಡು ತುಂಡಾಗಿ ಬೇರ್ಪಡಿಸುತ್ತದೆ, ಪ್ರತಿ ತುಂಡಿನಲ್ಲೂ ಒಂದು ಕಥೆ.

ಅಂಬಾಸಿಡರ್ ಇಲ್ಲದಿದ್ದರೇನು, ಎಸ್.ಟಿ. ಬಸ್ಸಿನ ಕಿಟಕಿ ಇದೆ. ಹಳೆಯ ವಾಡೆಯ ಬಾಗಿಲಿದೆ. ಮಗ್ಗದ ಮನೆಯ ಒಳಗೆ ಕತ್ತಲು, ಹೊರಗೆ ಬೆಳಕು. ಒಳಗೆ ನಿಂತು ಬಾಗಿಲಿನ ಮೂಲಕ ತೆಗೆದರೆ ಬೇಡದ್ದೆಲ್ಲ ಕಪ್ಪಿನಲ್ಲಿ ಮುಳುಗುತ್ತದೆ. ಮೊಬೈಲಿನ ಪರದೆಯ ಮೇಲೆ ಬೆಳಕಿರುವ ಭಾಗವನ್ನು ಒತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಕತ್ತಲು ಇನ್ನಷ್ಟು ದಟ್ಟವಾಗುತ್ತದೆ. ಮೊಬೈಲಿಗೆ ಎಲ್ಲವನ್ನೂ ಬೆಳ್ಳಗೆ ತೋರಿಸುವ ಚಟ. ಅದನ್ನು ಬಿಡಿಸುವ ಗುರುತೇ ಅದು.

ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮುಂಜಾನೆ ಮತ್ತು ಸಂಜೆಯ ಓರೆ ಬಿಸಿಲು ಒಳ್ಳೆಯದು, ನೆರಳು ಉದ್ದ ಬೀಳುತ್ತದೆ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಟೋಪಿ, ಪಟಗದ ಕೆಳಗೆ ಮುಖವೇ ಕಾಣುವುದಿಲ್ಲ. ಆಗ ಸಂತೆಯ ತಾಡಪತ್ರಿಯ ನೆರಳಿನೊಳಗೆ ಹೋಗಿಬಿಡುವುದು ಲೇಸು, ಅಲ್ಲಿ ಬೆಳಕು ಮೆತ್ತಗಿರುತ್ತದೆ.

ಮೊಬೈಲಿನ ಸೆಟ್ಟಿಂಗಿನಲ್ಲಿ 'ಗ್ರಿಡ್' ಎಂಬುದನ್ನು ಹಚ್ಚಿದರೆ ಪರದೆಯ ಮೇಲೆ ಒಂಬತ್ತು ಮನೆಗಳ ಗೆರೆ ಬರುತ್ತದೆ. ಮುಖ್ಯವಾದದ್ದನ್ನು ನಟ್ಟನಡುವೆ ಇಡದೆ ಈ ಗೆರೆಗಳು ಕೂಡುವ ಜಾಗದಲ್ಲಿ ಇಡಬೇಕೆಂದು ಎಲ್ಲರೂ ಹೇಳಿಕೊಡುತ್ತಾರೆ. ಇದು ಕಲಿಯುವವರಿಗೆ ಊರುಗೋಲು, ತಪ್ಪೇನಿಲ್ಲ. ಗ್ರಿಡ್ಡಿನ ನಿಜವಾದ ಉಪಯೋಗ ಬೇರೆಯೇ ಇದೆ: ಗುಡಿಯ ಶಿಖರ, ಕಂಬ, ಕೆರೆಯ ನೀರಿನ ಅಂಚು ವಾಲದಂತೆ ನೋಡಿಕೊಳ್ಳುವುದು. ಕೆರೆಯ ನೀರು ಒಂದು ಕಡೆಗೆ ಹರಿದುಹೋಗುತ್ತಿರುವಂತೆ ಕಾಣುವ ಸಿದ್ಧೇಶ್ವರ ಗುಡಿಯ ಫೋಟೋಗಳು ಎಷ್ಟಿವೆಯೋ.

ಜನರ ಗುಂಪು ತೆಗೆಯುವಾಗ ಒಂದು ಮಾತು ನೆನಪಿರಲಿ. ಒಬ್ಬರ ಮೇಲೊಬ್ಬರು ಬಿದ್ದಂತೆ ಕಂಡರೆ ಹತ್ತು ಜನರೂ ಒಂದೇ ಮುದ್ದೆಯಾಗುತ್ತಾರೆ. ಒಬ್ಬೊಬ್ಬರ ನಡುವೆ ಎಳೆಯಷ್ಟು ಬೆಳಕಿನ ಸಂದಿ ಇದ್ದರೂ ಹತ್ತು ಜನ ಹತ್ತಾಗಿಯೇ ಕಾಣುತ್ತಾರೆ. ಆ ಸಂದಿ ತೆರೆಯುವವರೆಗೆ ತಾಳಬೇಕು, ಇಲ್ಲವೇ ಮೊಬೈಲನ್ನು ಗೇಣುದ್ದ ಮೇಲೆ ಕೆಳಗೆ ಮಾಡಿ ನೋಡಬೇಕು.

ಎದುರಿಗಿರುವವರೂ ಮನುಷ್ಯರೇ

ಹತ್ತಿರ ಹೋಗಬೇಕೆಂದರೆ ಮಾತಾಡಬೇಕು. ಗಡಿಯವರಿಗೆ ಇಲ್ಲೊಂದು ಅನುಕೂಲವಿದೆ, ಎರಡು ನಾಲಿಗೆ. "ಅಜ್ಜಾರ, ಒಂದು ಫೋಟೋ ತಗೀಲೇನ್ರಿ?" ಎಂದು ಕೇಳಿದರೆ ಬೇಡ ಎನ್ನುವವರು ಕಡಿಮೆ. ಅವರು ಮರಾಠಿಯವರಾದರೆ "ಆಜೋಬಾ, ಫೋಟೋ ಕಾಢೂ ಕಾ?" ಒಪ್ಪಿಗೆ ಸಿಕ್ಕ ಕೂಡಲೇ ತೆಗೆದರೆ ಅಜ್ಜ ಸಾವಧಾನ್ ನಿಂತ ಪೊಲೀಸನಂತೆ ಬಿಗಿದುಕೊಂಡಿರುತ್ತಾನೆ. ಅದನ್ನೊಂದು ತೆಗೆದು, ಮಳೆಬೆಳೆಯ ಮಾತಾಡುತ್ತ ಅಲ್ಲೇ ಕುಳಿತರೆ ಸ್ವಲ್ಪ ಹೊತ್ತಿಗೆ ಆತ ತನ್ನ ಕೆಲಸಕ್ಕೆ ತಿರುಗುತ್ತಾನೆ. ಬೇಕಾದ ಫೋಟೋ ಆಗ ಸಿಗುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಸಾಮಾನ್ಯ ಜನರ, ಅದರಲ್ಲೂ ಮಕ್ಕಳ ಚಿತ್ರಗಳಿಗೆ ಹೆಸರಾದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಅವರ ಚಿತ್ರಗಳಲ್ಲಿ ಜನ ಕ್ಯಾಮೆರಾಕ್ಕೆ ಹೆದರಿದಂತೆ ಕಾಣುವುದೇ ಇಲ್ಲ.

ಬೇಡ ಎಂದರೆ ಬೇಡ. ಕದ್ದು ತೆಗೆಯುವುದು ಜಾಣತನವಲ್ಲ. ಕೆರೆ, ಹೊಳೆಯ ದಂಡೆಯಲ್ಲಿ ಜಳಕ ಮಾಡುವ, ಬಟ್ಟೆ ಬದಲಿಸುವ ಹೆಣ್ಣುಮಕ್ಕಳ ಕಡೆಗೆ ಮೊಬೈಲು ತಿರುಗಿಸುವುದು ಅಸಭ್ಯತನವಷ್ಟೇ ಅಲ್ಲ. ಖಾಸಗಿ ಗಳಿಗೆಯಲ್ಲಿರುವ ಹೆಣ್ಣಿನ ಚಿತ್ರ ತೆಗೆಯುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಗುಡಿಯೊಳಗೆ ಫೋಟೋ ನಿಷೇಧವೆಂದು ಬೋರ್ಡಿದ್ದರೆ ಹೊರಗೇ ಬೇಕಾದಷ್ಟು ಇದೆ. ಭಿಕ್ಷೆ ಬೇಡುವವರ, ಅಮಲಿನಲ್ಲಿ ಬಿದ್ದವರ ಚಿತ್ರ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವವರು ಅವರ ಜಾಗದಲ್ಲಿ ತಮ್ಮ ಅಣ್ಣನೋ ಮಾವನೋ ಇದ್ದಾನೆಂದು ಒಮ್ಮೆ ಎಣಿಸಿ ನೋಡಲಿ.

ಮುಖ ತೋರಿಸದೆಯೂ ದೊಡ್ಡ ಚಿತ್ರವಾಗುತ್ತದೆ. ಕಾರ್ತಿಯೆ ಬ್ರೆಸೋ 1948ರಲ್ಲಿ ಶ್ರೀನಗರದ ಹರಿ ಪರ್ಬತ್ ಗುಡ್ಡದ ಮೇಲೆ ಪ್ರಾರ್ಥಿಸುತ್ತಿದ್ದ ಹೆಂಗಸರನ್ನು ಬೆನ್ನ ಹಿಂದಿನಿಂದ ತೆಗೆದರು. ಒಬ್ಬಳು ಎರಡೂ ಕೈ ಚಾಚಿದ್ದಾಳೆ, ದೂರದಲ್ಲಿ ಬೆಟ್ಟದ ಸಾಲು, ಮೋಡ. ಮುಖ ಕಾಣದಿದ್ದರೂ ಪ್ರಾರ್ಥನೆ ಕಾಣುತ್ತದೆ. ಸಮ್ಮತಿ ಕಟ್ಟೆಯ ಬಳಿ ಅಕ್ಷತೆ ಎರಚಲು ಮೇಲೆದ್ದ ಕೈಗಳನ್ನಷ್ಟೇ ಹಿಡಿದರೂ ಅಂಥದೇ ಒಂದು ಚಿತ್ರ ಆದೀತು.

ಜಾತ್ರೆಯಿಂದ ಮನೆಗೆ ಬಂದ ಮೇಲೆ ಇನ್ನೂ ಒಂದು ಕೆಲಸ ಬಾಕಿ ಇರುತ್ತದೆ, ಅಳಿಸುವುದು. ಮುನ್ನೂರರಲ್ಲಿ ಹತ್ತು ಉಳಿದರೆ ಬಹಳವಾಯಿತು. ಅಂದೇ ರಾತ್ರಿ ಅಳಿಸಬಾರದು, ಆಗ ಎಲ್ಲವೂ ಚೆಂದವೇ ಕಾಣುತ್ತವೆ. ಎಂಟು ದಿನ ಬಿಟ್ಟು ಕೂಡಬೇಕು. ಉಳಿದ ಹತ್ತನ್ನು ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸಿದರೆ ಗಾತ್ರ ಕುಗ್ಗಿ ಸತ್ವ ಕಳೆದುಕೊಳ್ಳುತ್ತದೆ. 'ಡಾಕ್ಯುಮೆಂಟ್' ಎಂದು ಕಳಿಸಿದರೆ ಇದ್ದದ್ದು ಇದ್ದ ಹಾಗೆ ತಲುಪುತ್ತದೆ, ಪತ್ರಿಕೆಗೂ ಹಾಗೆಯೇ ಕಳಿಸಬೇಕು.

ಅದರಲ್ಲಿ ಒಂದನ್ನಾದರೂ ತಾಲೂಕಿನ ಸ್ಟುಡಿಯೋದಲ್ಲಿ ಕಾಗದಕ್ಕೆ ಇಳಿಸಿ, ಚಿತ್ರದಲ್ಲಿರುವ ದೊಡ್ಡಪ್ಪನಿಗೋ ಬಳೆ ಆರಿಸಿದ ಅಜ್ಜಿಗೋ ಕೊಡಬೇಕು. ಹಿಂಬದಿಗೆ ಹೆಸರು, ಊರು, ವರ್ಷ ಬರೆಯುವುದು ಮರೆಯಬಾರದು, ಮನೆಯ ಮೊಮ್ಮಕ್ಕಳು ಓದುವ ಲಿಪಿ ಯಾವುದೋ ಅದರಲ್ಲಿ, ಆದರೆ ಎರಡರಲ್ಲೂ. ಪೆನ್ನನ್ನು ಒತ್ತಿ ಬರೆಯಬಾರದು, ಮುಂದಿನ ಮಗ್ಗುಲಿಗೆ ಅಚ್ಚು ಮೂಡುತ್ತದೆ.